ವಿಮಾನ ಏಳುವಾಗ ರೆಕ್ಕೆ ಯಾಕೆ ಬಾಗುತ್ತದೆ?

ಗೆಳೆಯರೇ, ಗಂಗಾವತಿಯ ಭತ್ತದ ಗದ್ದೆಯಿಂದ ಬೆಳ್ಳಕ್ಕಿ ಏಳುವುದನ್ನು ನೋಡೀರೇನು? ರೆಕ್ಕೆ ಪೂರಾ ಬಿಚ್ಚಿ, ಜೋರಾಗಿ ಬಡಿದು ಏಳುತ್ತದೆ. ಮೇಲೆ ಹೋದ ಮೇಲೆ ಆರಾಮ. ಸಣ್ಣ ವಿಮಾನದ ಕತೆಯೂ ಹೆಚ್ಚುಕಡಿಮೆ ಹೀಗೇ.

ವಿಮಾನದ ರೆಕ್ಕೆಯ ಹಿಂದುಗಡೆ ಕೆಳಗೆ ಬಾಗುವ ಹಲಗೆ ಇರುತ್ತದೆ. ಅದೇ ಫ್ಲಾಪ್. ಬಾಗಿಸಿದರೆ ಕಡಿಮೆ ವೇಗದಲ್ಲೇ ರೆಕ್ಕೆ ವಿಮಾನವನ್ನು ಎತ್ತುತ್ತದೆ. ಹಂಗಾದ್ರ ಪೂರಾ ಬಾಗಿಸಿದರೇನು? ಆಗ ಗಾಳಿಯ ತಡೆ ಬಹಳ ಹೆಚ್ಚಿ, ಮೇಲೇರುವುದೇ ಕಷ್ಟ. ತರಬೇತಿಗೆ ಬಳಸುವ ಸೆಸ್ನಾ 172ಎಸ್ ವಿಮಾನದಲ್ಲಿ ಇಳಿಯುವಾಗ 30 ಡಿಗ್ರಿವರೆಗೆ ಬಾಗಿಸಬಹುದು. ಏಳುವಾಗ 10 ಡಿಗ್ರಿ ದಾಟಬಾರದು. ಆ 10 ಡಿಗ್ರಿಯಿಂದ ನೆಲದ ಓಟ ಸುಮಾರು ನೂರಕ್ಕೆ 10 ಪಾಲು ಕಡಿಮೆಯಾಗುತ್ತದೆ.

ಎಂಜಿನ್ ಮಾತ್ರ ಪೂರ್ತಿ ಶಕ್ತಿಯಲ್ಲೇ ಇರಬೇಕು. ಶಕ್ತಿ ಕಡಿಮೆ ಅನಿಸಿದರೆ, ಮುಂದೆ ದಾರಿ ಇರುವಾಗಲೇ ನಿಲ್ಲಿಸಬೇಕು.

ಈಗ ನಮ್ಮ ಕುಷ್ಟಗಿ, ಯಲಬುರ್ಗಾದ ಬೇಸಿಗೆ ನೆನೆಯಿರಿ. ಬಿಸಿ ಗಾಳಿ ತೆಳು. ಎಂಜಿನ್ನಿಗೆ ಶಕ್ತಿ ಕಡಿಮೆ, ರೆಕ್ಕೆಗೆ ಆಸರೆ ಕಡಿಮೆ, ಓಟ ಉದ್ದ. ಎತ್ತರದ ಊರಲ್ಲೂ ಹೀಗೇ. ಬೆಂಗಳೂರಿನ ಜಕ್ಕೂರು ವಿಮಾನ ತರಬೇತಿ ಶಾಲೆ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅದಕ್ಕೇ ಪೈಲಟ್ ಹೊರಡುವ ಮೊದಲೇ ಬಿಸಿಲು, ಎತ್ತರ, ಭಾರ ಎಲ್ಲಾ ಸೇರಿಸಿ ಲೆಕ್ಕ ಮಾಡಬೇಕು. ಲೆಕ್ಕ ತಪ್ಪಿದರೆ ಜೀವಕ್ಕೇ ಕುತ್ತು.

ಇನ್ನೊಂದು ಮಾತು. ನೆಲ ಬಿಟ್ಟ ಕೂಡಲೇ ಫ್ಲಾಪ್ ಎತ್ತಬಾರದು. ಗಿಡಮರ ದಾಟಿ, ವೇಗ ಕೂಡಿದ ಮೇಲೆ ಎತ್ತಬೇಕು. ಅವಸರ ಮಾಡಿದರೆ ವಿಮಾನ ಕೆಳಗೆ ಕುಸಿಯುತ್ತದೆ.

ಪ್ರಶ್ನೆ: ಬೆಳಿಗ್ಗೆ 6ಕ್ಕೆ ಏಳುವ ವಿಮಾನಕ್ಕೆ ಉದ್ದ ದಾರಿ ಬೇಕೋ, ಮಧ್ಯಾಹ್ನ 2ಕ್ಕೆ ಏಳುವುದಕ್ಕೋ? ಯಾಕೆ? ಉತ್ತರವನ್ನು ವಿಜ್ಞಾನದ ಗುರುಗಳಿಗೆ ಹೇಳಿರಿ.