ಹಿತ್ತಲು ಕೇಳುವ ಗಂಟೆಗಳ ಲೆಕ್ಕ

ಹುಲ್ಲು ಹೊಡೆಯುವ ಯಂತ್ರ ಈಗ ಮೂರು ಸಾವಿರ ರೂಪಾಯಿಗೂ ಸಿಗುತ್ತದೆ, ನಲವತ್ತು ಸಾವಿರಕ್ಕೂ ಸಿಗುತ್ತದೆ. ಅಂಗಡಿಗೆ ಹೋದವರು ಇವೆರಡರ ನಡುವೆ ತಮ್ಮ ಜೇಬಿಗೆ ಒಗ್ಗುವ ಒಂದನ್ನು ಆರಿಸಿ ತರುತ್ತಾರೆ. ಜೇಬನ್ನು ಆಮೇಲೆ ನೋಡಿ, ಮೊದಲು ಹಿತ್ತಲನ್ನು ನೋಡಿ ಎನ್ನುವವನು ನಾನು. ಅದು ವರ್ಷಕ್ಕೆ ಎಷ್ಟು ಗಂಟೆ ಕೆಲಸ ಕೇಳುತ್ತದೆ ಎಂದು ಗೊತ್ತಾದರೆ ಯಾವ ಯಂತ್ರ ಬೇಕು, ಕೊಳ್ಳಬೇಕೇ ಬಾಡಿಗೆಗೆ ಕರೆಸಬೇಕೇ ಎಂಬುದೆಲ್ಲ ಮನೆಯಲ್ಲೇ ಕೂತು ತೀರ್ಮಾನವಾಗುತ್ತದೆ.

ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಹಿತ್ತಲು ಅರ್ಧ ಎಕರೆ. ಜೂನ್‌ನಲ್ಲಿ ಮಳೆ ಹಿಡಿದರೆ ತಿಂಗಳೊಳಗೆ ಬಾವಿಕಟ್ಟೆಯ ದಾರಿ ಮುಚ್ಚುತ್ತದೆ. ನಮ್ಮಲ್ಲಿ ಹಿತ್ತಲು ಸವರಿಸುವುದು ಚಂದಕ್ಕಾಗಿ ಅಲ್ಲ. ಬಟ್ಟೆ ಒಣಹಾಕಲು ಹೋದವರ ಕಾಲಬುಡದಲ್ಲಿ ಕೊಳಕುಮಂಡಲ ಮಲಗಿರಬಹುದು. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ. ಅದನ್ನು ಹರಡುವ ಉಣುಗಿನ ಭಯ ಇಲ್ಲಿನ ಯಾವ ಮನೆಗೂ ಹೊಸದಲ್ಲ. ಹಾಗಾಗಿ ಈ ಖರ್ಚನ್ನು ನಾನು ಮನೆಯ ಹೆಂಚು ಕೈಯಾಡಿಸುವ ಖರ್ಚಿನ ಪಕ್ಕದಲ್ಲೇ ಬರೆದಿಡುತ್ತೇನೆ.

ಒಂದೇ ಹಿತ್ತಲಲ್ಲಿ ಹುಲ್ಲು ಹಲವು ಬಗೆ. ಬಾವಿಯ ಸುತ್ತ ಗರಿಕೆ, ಮುಟ್ಟಿದರೆ ಮುನಿ. ಬೇಲಿಯ ಸಾಲಿನಲ್ಲಿ ಆಳೆತ್ತರದ ಕಮ್ಯುನಿಸ್ಟ್ ಗಿಡ, ಲಂಟಾನ. ಬಚ್ಚಲ ನೀರು ಹರಿಯುವಲ್ಲಿ ಕೆಸು, ಅದರ ಮೇಲೆ ಹಬ್ಬಿದ ಬಳ್ಳಿ. ಗರಿಕೆಗೆ ನೈಲಾನ್ ದಾರ ಸಾಕು. ಕಮ್ಯುನಿಸ್ಟ್ ಗಿಡ ಬಲಿತು ಕಡ್ಡಿಯಾದ ಮೇಲೆ ದಾರ ಅದರ ಮುಂದೆ ನಿಲ್ಲುವುದಿಲ್ಲ, ಮೂರು ಹಲ್ಲಿನ ಉಕ್ಕಿನ ಬ್ಲೇಡ್ ಬೇಕು. ಲಂಟಾನದ ಬುಡ ಹೆಬ್ಬೆರಳಿಗಿಂತ ದಪ್ಪವಾಗಿದ್ದರೆ ಗರಗಸದಂತೆ ಹಲ್ಲಿರುವ ದುಂಡು ಬ್ಲೇಡೇ ಸೈ. ಬಳ್ಳಿಯ ಜಾಗಕ್ಕೆ ಯಾವ ಯಂತ್ರವನ್ನೂ ಒಯ್ಯಬೇಡಿ. ಬಳ್ಳಿ ತಿರುಗುವ ತಲೆಗೆ ಸುತ್ತಿಕೊಂಡು ಇಂಜಿನ್ ಉಸಿರುಗಟ್ಟುತ್ತದೆ, ಅಲ್ಲಿ ಕತ್ತಿಯೇ ಬೇಗ. ಜೇಕಿನ ಹುಲ್ಲಿಗಂತೂ ಮೇಲೆ ಎಷ್ಟು ಹೊಡೆದರೂ ವ್ಯರ್ಥ, ನೆಲದೊಳಗಿನ ಗೆಡ್ಡೆ ಮತ್ತೆ ಚಿಗುರುತ್ತದೆ.

ಈಗ ಲೆಕ್ಕಕ್ಕೆ ಬರೋಣ. ನಮ್ಮೂರಲ್ಲಿ ಯಂತ್ರದ ಸಮೇತ ಆಳು ಬಂದರೆ ದಿನಕ್ಕೆ 1,500 ರೂಪಾಯಿ, ಪೆಟ್ರೋಲೂ ಅದರಲ್ಲೇ. ಊಟ, ಕಾಫಿ, ದಾರ ಬದಲಿಸುವ ಹೊತ್ತು ಕಳೆದರೆ ಯಂತ್ರ ನಿಜವಾಗಿ ಓಡುವುದು ಐದು ಗಂಟೆ. ಅಲ್ಲಿಗೆ ಗಂಟೆಗೆ 300 ರೂಪಾಯಿ ಬಿತ್ತು. ಸ್ವಂತಕ್ಕೆ ಕೊಂಡರೆ? 26,000 ರೂಪಾಯಿಯ ಯಂತ್ರ ಎಂಟು ವರ್ಷ ಬಾಳಿಕೆ ಬಂತೆನ್ನಿ, ವರ್ಷಕ್ಕೆ 3,250 ಆಯಿತು. ಪ್ಲಗ್, ಏರ್ ಫಿಲ್ಟರ್, ದಾರ, ಬ್ಲೇಡ್, ಆಯಿಲ್ ಎಲ್ಲ ಸೇರಿ 1,500 ಹಿಡಿಯಿರಿ. ಒಟ್ಟು 4,750. ಯಂತ್ರ ಮೂಲೆಯಲ್ಲಿ ಕೂತಿದ್ದರೂ ಈ ಖರ್ಚು ತಪ್ಪಿದ್ದಲ್ಲ. ಓಡಿದಾಗ ಗಂಟೆಗೆ ಮುಕ್ಕಾಲು ಲೀಟರ್ ಹತ್ತಿರ ಪೆಟ್ರೋಲ್ ಕುಡಿಯುತ್ತದೆ, ಅದು ಸುಮಾರು 75 ರೂಪಾಯಿ. ಭಾಗಿಸಿ ನೋಡಿದರೆ ವರ್ಷಕ್ಕೆ 21 ಗಂಟೆ ಕೆಲಸವಿದ್ದಲ್ಲಿ ಬಾಡಿಗೆಯೂ ಸ್ವಂತವೂ ಸಮಸಮ. ಅದೂ ನಿಮ್ಮ ರಟ್ಟೆಗೆ ಕೂಲಿ ಹಾಕದೆ.

ಅರ್ಧ ಎಕರೆ ಹಿತ್ತಲಿಗೆ ಒಂದು ಸಲಕ್ಕೆ ನಾಲ್ಕು ಗಂಟೆ ಬೇಕು. ಜುಲೈನಲ್ಲಿ ಒಮ್ಮೆ, ಸೆಪ್ಟೆಂಬರ್ ಕೊನೆಗೆ ಇನ್ನೊಮ್ಮೆ, ಮಳೆ ಬಿಟ್ಟ ಮೇಲೆ ಮತ್ತೊಮ್ಮೆ ಎಂದರೂ ಹನ್ನೆರಡು ಗಂಟೆ ದಾಟುವುದಿಲ್ಲ. ಬರೀ ಹಿತ್ತಲು ಮಾತ್ರ ಇರುವವರು ಯಂತ್ರ ಕೊಳ್ಳಬೇಕಿಲ್ಲ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ನಾನು ಕೊಂಡದ್ದು ಹಿತ್ತಲಿಗೆ ತಾಗಿ ಒಂದೂವರೆ ಎಕರೆ ಅಡಿಕೆ ತೋಟ ಇರುವುದರಿಂದ. ಎರಡೂ ಸೇರಿ ವರ್ಷಕ್ಕೆ ನಲವತ್ತು ಗಂಟೆಯ ಹತ್ತಿರ ಹೋಗುತ್ತದೆ, ಗಂಟೆಗೆ ಇನ್ನೂರು ರೂಪಾಯಿಯ ಒಳಗೇ ಮುಗಿಯುತ್ತದೆ.

ಹೊಡೆಯುವ ಹೊತ್ತು ಸರಿಯಿದ್ದರೆ ಗಂಟೆಗಳೂ ಕಡಿಮೆಯಾಗುತ್ತವೆ. ಹೂ ಬಿಟ್ಟು ಬೀಜ ಉದುರುವ ಮೊದಲೇ ಸವರಿದ ಜಾಗದಲ್ಲಿ ಮುಂದಿನ ವರ್ಷದ ಕಳೆ ತೆಳುವಾಗುತ್ತದೆ. ನೆಲ ಕಾಣುವಷ್ಟು ಕೆರೆದು ಹೊಡೆಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ನಮ್ಮ ಮಳೆಗೆ ಬೋಳು ನೆಲದ ಮಣ್ಣು ನಿಲ್ಲುವುದುಂಟೇ? ಮೂರು ನಾಲ್ಕು ಇಂಚು ಬುಡ ಉಳಿಸಿ, ಕತ್ತರಿಸಿದ ಹುಲ್ಲನ್ನು ಅಲ್ಲೇ ಬಿಡಿ. ತೆಂಗಿನ ಬುಡಕ್ಕೆ ಅದು ಕಾಸಿಲ್ಲದ ಮುಚ್ಚಿಗೆ.

ಅಗ್ಗದ ಬ್ಯಾಟರಿ ಯಂತ್ರಗಳ ಬಗ್ಗೆ ಕೇಳುವವರು ಬಹಳ. ಡಬ್ಬದ ಮೇಲೆ 48 ವೋಲ್ಟ್, 88 ವೋಲ್ಟ್ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಒಳಗಿರುವುದು ಬಹುಪಾಲು ಐದು ಲಿಥಿಯಂ ಸೆಲ್. ಒಂದಕ್ಕೆ 3.6 ವೋಲ್ಟ್‌ನಂತೆ ಒಟ್ಟು 18. ಸಾಮರ್ಥ್ಯ 2 ಆಂಪಿಯರ್ ಅವರ್ ಇದ್ದರೆ ಗುಣಿಸಿ, 36 ವಾಟ್ ಅವರ್. ಹೋಂಡಾದ ಜಿಎಕ್ಸ್35 ಎಂಬ 35.8 ಸಿಸಿಯ ಪುಟ್ಟ ಇಂಜಿನ್ ಕೊಡುವ ಬಲ ಸುಮಾರು 1,000 ವಾಟ್. ಅಷ್ಟು ಬಲವನ್ನು ಆ ಬ್ಯಾಟರಿಯಿಂದ ಕೇಳಿದರೆ ಎರಡು ನಿಮಿಷದಲ್ಲಿ ಬರಿದು. ಬೆಂಗಳೂರಿನ 30–40 ಸೈಟಿನ ಮುಂದಿನ ಹುಲ್ಲುಹಾಸಿನ ಅಂಚು ಕತ್ತರಿಸಲು ಅದು ಸಾಕು, ಬೆಳೆದು ನಿಂತ ಹಿತ್ತಲಿಗೆ ಅಲ್ಲ. ವೈರ್ ಎಳೆದು ಓಡಿಸುವ ಕರೆಂಟಿನ ಯಂತ್ರಕ್ಕೆ ಬಲವಿದ್ದರೂ ಒದ್ದೆ ಹುಲ್ಲಿನ ಮಲೆನಾಡಿನಲ್ಲಿ ನಾನು ಅದನ್ನು ಯಾರಿಗೂ ಹೇಳಲಾರೆ.

ಪೆಟ್ರೋಲ್ ಯಂತ್ರದಲ್ಲಿ ಟೂ ಸ್ಟ್ರೋಕ್, ಫೋರ್ ಸ್ಟ್ರೋಕ್ ಎಂಬ ಎರಡು ದಾರಿ. ಟೂ ಸ್ಟ್ರೋಕ್ ಹಗುರ, ಬಲವೂ ಚೆನ್ನ. ಆದರೆ ಪೆಟ್ರೋಲಿಗೆ ಆಯಿಲ್ ಬೆರೆಸಬೇಕು, 1:50 ಎಂದಿದ್ದರೆ ಲೀಟರಿಗೆ 20 ಮಿಲಿ. ಬೆರೆಸುವ ಕೈ ಬದಲಾಗುತ್ತಿದ್ದರೆ ಅಳತೆ ತಪ್ಪುವ ಸಂಭವ ಹೆಚ್ಚು, ಆಯಿಲ್ ಕಡಿಮೆಯಾದರೆ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಈ ಒಂದು ಕಾರಣಕ್ಕೇ ನಾನು ಫೋರ್ ಸ್ಟ್ರೋಕ್ ಆರಿಸಿದೆ. ಅದರ ಆಯಿಲ್ ಬೇರೆಯೇ ಇರುತ್ತದೆ, ಆದರೆ ಹಿಡಿಯುವುದೇ 100 ಮಿಲಿ. ಪ್ರತಿ ಸಲ ಚಾಲೂ ಮಾಡುವ ಮೊದಲು ಮುಚ್ಚಳ ತೆರೆದು ಮಟ್ಟ ನೋಡಲೇಬೇಕು.

ಇನ್ನೊಂದು ಸಂಗತಿ ಈಚಿನದು. ಬಂಕಿನ ಪೆಟ್ರೋಲಿನಲ್ಲಿ ಈಗ ಶೇ 20ರಷ್ಟು ಎಥನಾಲ್ ಇದೆ, ಎಥನಾಲ್ ತೇವವನ್ನು ಎಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಲ್ಲುವ ಯಂತ್ರದ ಟ್ಯಾಂಕಿನಲ್ಲಿ ಪೆಟ್ರೋಲ್ ಉಳಿದರೆ ಕಾರ್ಬ್ಯುರೇಟರ್ ಕೆಡುತ್ತದೆ, ರಬ್ಬರ್ ಪೈಪು ಮೆದುವಾಗುತ್ತದೆ. ಕೆಲಸ ಮುಗಿದ ಮೇಲೆ ಟ್ಯಾಂಕ್ ಬಸಿದು, ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಇಡಿ.

ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ರಿಯಾಯಿತಿಯದಲ್ಲ. ಸ್ಟಾರ್ಟರ್ ಹಗ್ಗ, ಕ್ಲಚ್, ದಾರದ ತಲೆ ನಮ್ಮ ತಾಲ್ಲೂಕು ಕೇಂದ್ರದಲ್ಲೇ ಸಿಗುತ್ತವೆಯೇ ಎಂದು ಕೇಳಿ. ನೂರು ರೂಪಾಯಿಯ ಭಾಗಕ್ಕೆ ಶಿವಮೊಗ್ಗದವರೆಗೆ ಬಸ್ಸು ಹತ್ತಿಸುವ ಯಂತ್ರ ಅಗ್ಗವಾಗಿ ಸಿಕ್ಕಿದರೂ ಬೇಡ. ಬ್ಲೇಡ್ ಕಳಚಿ ಹಾಕುವುದನ್ನು ಅಲ್ಲೇ ನಿಮ್ಮ ಕೈಯಲ್ಲಿ ಮಾಡಿಸಿಕೊಳ್ಳಿ. ಆ ನಟ್ ಎಡಮರೆಯದು, ಬಿಚ್ಚಲು ಬಲಕ್ಕೆ ತಿರುಗಿಸಬೇಕು. ಗೊತ್ತಿಲ್ಲದವರು ಬಲ ಹಾಕಿ ಮರೆ ಕೆಡಿಸುತ್ತಾರೆ.

ಪಹಣಿ ಇರುವವರು ದುಡ್ಡು ಕೊಡುವ ಮೊದಲು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿಬನ್ನಿ. ಕೃಷಿ ಯಾಂತ್ರೀಕರಣದಲ್ಲಿ ಸಾಮಾನ್ಯ ವರ್ಗಕ್ಕೆ ಶೇ 50, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 90ರವರೆಗೆ ಸಹಾಯಧನವಿದೆ. ಫ್ರೂಟ್ಸ್ ನೋಂದಣಿ ಆಗಿರಬೇಕು, ಅನುದಾನ ಇರುವಷ್ಟು ದಿನ ಮಾತ್ರ ಕೊಡುತ್ತಾರೆ. ಅರ್ಧ ಬೆಲೆಗೆ ಯಂತ್ರ ಸಿಕ್ಕರೆ ಮೇಲಿನ ಲೆಕ್ಕ 21 ಗಂಟೆಯಿಂದ 14ಕ್ಕೆ ಇಳಿಯುತ್ತದೆ.

ದಾರದ ಏಟಿಗೆ ಸಿಡಿದ ಸಣ್ಣ ಕಲ್ಲು ಕಣ್ಣಿಗೆ ಬಿದ್ದರೆ ಈ ಯಾವ ಲೆಕ್ಕವೂ ಉಳಿಯುವುದಿಲ್ಲ. ಕನ್ನಡಕ, ಮೊಣಕಾಲ ಕೆಳಗಿನ ಗಾರ್ಡ್, ಗಟ್ಟಿ ಬೂಟು ಮೂರನ್ನೂ ಯಂತ್ರದ ಬೆಲೆಯೊಳಗೇ ಸೇರಿಸಿ. ಬಾಡಿಗೆಗೆ ಕರೆಸುವವರಿಗೂ ನನ್ನ ಕೋರಿಕೆ ಅದೇ. ಬಂದ ಆಳು ಹವಾಯಿ ಚಪ್ಪಲಿಯಲ್ಲಿ, ಬರಿಗಣ್ಣಲ್ಲಿ ನಿಂತಿದ್ದರೆ ಕೆಲಸ ಶುರು ಮಾಡಿಸಬೇಡಿ. ಕನ್ನಡಕ ಮತ್ತು ಬೂಟನ್ನು ನೀವೇ ತಂದಿಟ್ಟುಕೊಂಡು, ಹಾಕಿಸಿ, ಆಮೇಲೆ ಯಂತ್ರದ ಹಗ್ಗ ಎಳೆಯಲು ಹೇಳಿ.