ಮೊತ್ತದಲ್ಲಿ ಸೋತವರ ಮುಂದಿನ ದಾರಿ

ಸಿಎ ಇಂಟರ್‌ಮೀಡಿಯೆಟ್‌ನಲ್ಲಿ ಮತ್ತೆ ಮತ್ತೆ ಅನುತ್ತೀರ್ಣರಾಗಿರುವ ಗಜೇಂದ್ರಗಡದ ಅಭ್ಯರ್ಥಿಯು ತಮ್ಮ ಸೋಲು ಯಾವ ಬಗೆಯದೆಂಬುದನ್ನು ಮೊದಲು ಗುರುತಿಸಬೇಕು. ಏಕೆಂದರೆ 1949ರ ಕಾಯ್ದೆಯಡಿ ಸ್ಥಾಪಿತವಾದ ಭಾರತೀಯ ಲೆಕ್ಕಪರಿಶೋಧಕರ ಸಂಸ್ಥೆಯು ಪ್ರತಿ ಪತ್ರಿಕೆಯಲ್ಲಿ ಶೇ. 40ರ ಜೊತೆಗೆ ಪತ್ರಿಕೆಗಳ ಗುಂಪಿನ ಮೊತ್ತದಲ್ಲಿ ಶೇ. 50 ಅಂಕಗಳನ್ನೂ ಕೇಳುವುದರಿಂದ, ಎಲ್ಲ ಪತ್ರಿಕೆಗಳಲ್ಲಿ ನಲವತ್ತು ದಾಟಿದವರೂ ಮೊತ್ತದಲ್ಲಿ ಸೋಲಬಹುದು, ಮತ್ತು ಅದು ಖಂಡಿತವಾಗಿಯೂ ದಡ್ಡತನದ ಗುರುತಲ್ಲ. ಅಂಥವರು ತಮಗೆ ಒಲಿದ ಒಂದು ಪತ್ರಿಕೆಯನ್ನು ಶೇ. 60ಕ್ಕೆ ಏರಿಸಿದರೆ ಮೊತ್ತವೂ ಏರುತ್ತದೆ. ಗುಂಪಿನ ಎಲ್ಲ ಪತ್ರಿಕೆಗಳನ್ನು ಬರೆದಿದ್ದಲ್ಲಿ ವಿನಾಯಿತಿ, ಅಂದರೆ ಮುಂದಿನ ಮೂರು ಪರೀಕ್ಷೆಗಳಲ್ಲಿ ಆ ಪತ್ರಿಕೆಯನ್ನು ಮತ್ತೆ ಬರೆಯಬೇಕಿಲ್ಲದ ಸೌಲಭ್ಯವೂ ದೊರೆಯುತ್ತದೆ. ಉತ್ತರಪತ್ರಿಕೆಯ ದೃಢೀಕೃತ ಪ್ರತಿಯನ್ನು ತರಿಸಿ, ಸಂಸ್ಥೆಯ ಮಾದರಿ ಉತ್ತರಗಳೊಡನೆ ಹೋಲಿಸುವುದು ಹೊಸ ತರಗತಿಗಿಂತ ಹೆಚ್ಚು ಕಲಿಸುತ್ತದೆ. ಈ ಮಾದರಿ ಉತ್ತರಗಳು ಸಂಸ್ಥೆಯ ಜಾಲತಾಣದಲ್ಲಿ ಉಚಿತವಾಗಿರುವುದರಿಂದ ರೋಣ, ನರಗುಂದಗಳ ಅಭ್ಯರ್ಥಿಗಳೂ ಮನೆಯಲ್ಲಿದ್ದೇ ಈ ಕೆಲಸವನ್ನು ಇಂದೇ ಆರಂಭಿಸಲಿ.