ಹೊಲಿದವರ ಹೆಸರು

ಧಾರವಾಡ

ಚಿ. ಪುಟ್ಟಿ,

ಕಾಲೇಜಿನಲ್ಲಿ ಉಡುಪಿನ ಇತಿಹಾಸದ ಪ್ರಾಜೆಕ್ಟ್ ಕೊಟ್ಟಿದ್ದಾರೆ, ನಮ್ಮ ಕಡೆ ಹಳೆಯ ಕಾಲದ ಡಿಸೈನರ್ ಯಾರಾದರೂ ಇದ್ದರೆ ಹೇಳಜ್ಜಿ ಅಂತ ಕೇಳಿದ್ದಿ. ಬೇಕಾದಷ್ಟು ಜನ ಇದ್ದರು ಮಗಳೇ. ಅವರ ಹೆಸರು ಬರೆದಿಡಬೇಕು ಅಂತ ಯಾರಿಗೂ ಅನ್ನಿಸಲಿಲ್ಲ.

ನಿನ್ನ ಅವ್ವನ ಹತ್ತಿರ ಇರುವ ಕಸೂತಿ ಹಾಕಿದ ಇಳಕಲ್ ಸೀರೆಯನ್ನು ತಿರುವಿ ನೋಡು. ಸೆರಗಿನ ಪಕ್ಕದ ಗೋಪುರ, ತೇರು, ತುಳಸಿಕಟ್ಟೆ ಒಳಮೈಯಲ್ಲೂ ಹಾಗೇ ಕಾಣುತ್ತವೆ. ಅದು ಗವಂತಿ ಹೊಲಿಗೆ. ಬಟ್ಟೆಯ ಎಳೆ ಎಣಿಸಿಕೊಂಡು, ನಡುನಡುವೆ ಜಾಗ ಬಿಡುತ್ತ ಹೋಗಬೇಕು. ಅದೇ ದಾರಿಯಲ್ಲಿ ಮರಳುತ್ತ ಬಿಟ್ಟ ಜಾಗ ತುಂಬಬೇಕು. ಮೊದಲೇ ಚಿತ್ರ ಬರೆದುಕೊಳ್ಳುವಂತಿಲ್ಲ, ದಾರಕ್ಕೆ ಗಂಟು ಹಾಕುವಂತಿಲ್ಲ. ಹೋಗುವಾಗಲೇ ಬರುವ ದಾರಿ ತಲೆಯಲ್ಲಿರಬೇಕು. ಎಲ್ಲೋ ಒಂದೆಳೆ ತಪ್ಪಿತೋ, ಮೇಲೆ ಕಳಸ ಓರೆಯಾಯಿತು. ಮುರಗಿ, ನೇಗಿ, ಮೆಂತಿ ಅಂತ ಇನ್ನೂ ಮೂರು ಹೊಲಿಗೆಗಳಿವೆ. ಒಂದೊಂದರ ಲೆಕ್ಕವೂ ಬೇರೆ. ಶಾಲೆಯ ಮುಖ ನೋಡದವರು ಇಷ್ಟನ್ನೂ ನೆನಪಿನಲ್ಲಿಟ್ಟುಕೊಂಡು ಮಗಳಿಗೆ, ಸೊಸೆಗೆ ಕಲಿಸಿದರು. ಇದನ್ನು ಬಿಡುವಿನ ಕೆಲಸ ಅಂದವರ ಮಾತು ನಾನು ಎಂದೂ ಒಪ್ಪಿಲ್ಲ. ನಸುಕಿಗೆದ್ದು ಬೀಸುವವರಿಗೆ ಬಿಡುವು ಎಲ್ಲಿತ್ತು?

ಸೀರೆಯ ಕತೆಯೂ ಬೇರೆಯಲ್ಲ. ಮೈಯ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿ ಹಾಕಿ ಕೂಡಿಸುವ ಇಳಕಲ್ ನೇಯ್ಗೆಯನ್ನು ಜನ ಹೊಗಳುತ್ತಾರೆ, ಹೊಗಳಬೇಕಾದದ್ದೇ. ಮಗ್ಗಕ್ಕೆ ಕಂಡಿಕೆ ಸುತ್ತಿಕೊಟ್ಟವಳ ದುಡಿಮೆ ಮಾತ್ರ ಮನೆಗೆಲಸದ ಖಾತೆಗೆ ಹೋಯಿತು.

ಹೆಸರು ಉಳಿಯದ ಕೆಲಸ ಅಡುಗೆಯೂ ಹೌದು, ಅದನ್ನೂ ನಿನ್ನ ಪ್ರಾಜೆಕ್ಟಿಗೆ ಸೇರಿಸಿಕೊ. ಗೋಧಿಗಿರುವ ಅಂಟು ಜೋಳಕ್ಕಿಲ್ಲ. ಕುದಿಯುವ ಎಸರು ಹಾಕಿದಾಗ ಹಿಟ್ಟು ಅರೆಬೆಂದು ಜಿಗಿ ಬರುತ್ತದೆ, ಚೆನ್ನಾಗಿ ನಾದಿದರೆ ರೊಟ್ಟಿ ಬಡಿಯುವಾಗ ಅಂಚು ಒಡೆಯುವುದಿಲ್ಲ. ಅದನ್ನೇ ಖಡಕ್ ಮಾಡಿಟ್ಟರೆ ವಾರಗಟ್ಟಲೆ ಕೆಡದ ಬುತ್ತಿ. ಇದನ್ನು ಕಂಡುಕೊಂಡವಳು ಯಾವ ಊರಿನವಳೋ! 16ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ‘ಸೂಪಶಾಸ್ತ್ರ’ ಬರೆದ, ಅಡುಗೆಯನ್ನು ಕಾವ್ಯಕ್ಕೆ ತಂದ, ದೊಡ್ಡ ಉಪಕಾರ. ಒಲೆಯ ಮುಂದಿದ್ದವರಿಗೆ ಬರೆಯಲು ಬಂದಿದ್ದರೆ ಇನ್ನೆಷ್ಟು ಪುಸ್ತಕಗಳು ಇರುತ್ತಿದ್ದವೋ ಅಂತ ನನ್ನ ಜೀವ ಚಡಪಡಿಸುತ್ತದೆ.

ಒಂದು ಕಾಲ ಮಾತ್ರ ನನಗೆ ಧೈರ್ಯ ಕೊಡುತ್ತದೆ. 12ನೆಯ ಶತಮಾನದ ಶರಣೆಯರನ್ನು ನೋಡು. ನೂಲುವ ಕದಿರ ರೆಮ್ಮವ್ವೆ, ಭತ್ತ ಕುಟ್ಟುವ ಕೊಟ್ಟಣದ ಸೋಮಮ್ಮ, ಆಯ್ದಕ್ಕಿ ಲಕ್ಕಮ್ಮ. ಕಾಯಕವೇ ಅವರ ಹೆಸರಿನ ಮೊದಲ ಮಾತು. ಗಂಡ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಅಲ್ಲೇ ಸುರಿದು ಬಾ ಅಂತ ಕಳಿಸಿದವಳು ಲಕ್ಕಮ್ಮ. ಮನೆ ನಡೆಸುವವಳ ಮಾತಿಗೆ ಅಷ್ಟು ತೂಕವಿತ್ತು, ಅವಳ ವಚನಗಳೂ ಉಳಿದವು.

ಕಸೂತಿಗೆ ಈಗ ಭೌಗೋಳಿಕ ಗುರುತು ಸಿಕ್ಕಿದೆ, ಸಂತೋಷ. ಆದರೆ ಅಂಗಡಿಯ ಚೀಟಿಯಲ್ಲಿ ಬೆಲೆ ಇರುತ್ತದೆ, ಹೊಲಿದವಳ ಹೆಸರು ಇರುವುದಿಲ್ಲ. ದೀಪಾವಳಿಗೆ ನಾಲ್ಕು ದಿನ ಮೊದಲೇ ಬಾ. ಇಲ್ಲಿ ಕಸೂತಿ ಹಾಕುವ ಹೆಂಗಸರ ಮನೆಗಳಿಗೆ ನಾನೇ ಕರೆದುಕೊಂಡು ಹೋಗುತ್ತೇನೆ. ಹೆಸರು ಕೇಳು, ಒಂದು ಸೀರೆಗೆ ಎಷ್ಟು ದಿನ ಹಿಡಿಯುತ್ತದೆ ಕೇಳು, ಕೈಗೆ ಎಷ್ಟು ಕೂಲಿ ಬರುತ್ತದೆ ಅನ್ನುವುದನ್ನೂ ಸಂಕೋಚವಿಲ್ಲದೆ ಕೇಳು. ಅವರು ಒಪ್ಪಿದರೆ ಪ್ರಾಜೆಕ್ಟಿನ ಮೊದಲ ಪುಟದಲ್ಲೇ ಎಲ್ಲವನ್ನೂ ಬರೆ.

ಇಂತಿ ನಿನ್ನ ಪ್ರೀತಿಯ
ಅಜ್ಜಿ